‘500 ಕೆ.ಜಿ. ತಡೆಯುವ’ ಮಸಾಜ್ ಟೇಬಲ್: ಕೊಳ್ಳುವ ಮುನ್ನ ಯಾವ ಅಂಕಿ ನೋಡಬೇಕು?

ಮಧ್ಯಕ್ಕೆ ಮಡಚಿ, ಸೂಟ್‌ಕೇಸಿನಂತೆ ಹಿಡಿದುಕೊಂಡು ಹೋಗಬಹುದಾದ ಮಸಾಜ್ ಟೇಬಲ್‌ಗಳ ಜಾಹೀರಾತು ನಿಮ್ಮ ಫೋನಿನಲ್ಲೂ ಕಾಣಿಸಿರಬಹುದು. ಮನೆಮನೆಗೆ ಹೋಗುವ ಫಿಸಿಯೋಥೆರಪಿಸ್ಟ್‌ಗಳು, ಬಾಣಂತಿಯರಿಗೆ ಎಣ್ಣೆ ಹಚ್ಚುವವರು, ಮಸಾಜ್ ಕಲಿತು ಸ್ವಂತ ಕೆಲಸ ಶುರುಮಾಡುವವರು ಇದನ್ನು ಕೊಳ್ಳುತ್ತಾರೆ. ಮನೆಯ ಹಿರಿಯರಿಗೆ ಅನುಕೂಲವಾಗಲಿ ಎಂದು ತರಿಸುವವರೂ ಇದ್ದಾರೆ. ಜೊತೆಗೆ ಬರುವ ಮಾತುಗಳೂ ಗೊತ್ತಿರುವಂಥವೇ: ‘500 ಕೆ.ಜಿ. ತಡೆಯುತ್ತದೆ’, ‘ಐಎಸ್‌ಒ ಪ್ರಮಾಣಿತ’, ‘ದಪ್ಪ ಫೋಮ್, ಹೆಚ್ಚು ಆರಾಮ’, ‘ಇದರ ಮೇಲೆ ಮಲಗಿದರೆ ಸಾಕು, ಕಾಯಿಲೆ ಮಾಯ’.

ಟೇಬಲ್ ಕುಸಿದರೆ ಪೆಟ್ಟಾಗುವುದು ಮೇಲೆ ಮಲಗಿದವರಿಗೆ. ಎತ್ತರ ತಪ್ಪಿದರೆ ಬೆನ್ನು ಹೋಗುವುದು ಮಸಾಜ್ ಮಾಡುವವರದು. ಹಾಗಾಗಿ ಈ ಮಾತುಗಳನ್ನು ಒಂದೊಂದಾಗಿ ನೋಡೋಣ.

ಹೇಳಿಕೆ 1: ‘500 ಕೆ.ಜಿ. ತಡೆಯುತ್ತದೆ, ಯಾರು ಬೇಕಾದರೂ ಮಲಗಬಹುದು’

ಮೊದಲು ಕೇಳಬೇಕಾದ ಪ್ರಶ್ನೆ: ಇದು ಯಾವ ತೂಕ? ಇಂಥ ಟೇಬಲ್‌ಗಳಿಗೆ ಎರಡು ಬಗೆಯ ಅಂಕಿ ಇರುತ್ತದೆ. ಒಂದು ‘ಸ್ಟ್ಯಾಟಿಕ್ ಲೋಡ್’. ಅಂದರೆ ಭಾರವನ್ನು ಮೇಲೆ ನಿಧಾನವಾಗಿ, ಸಮನಾಗಿ ಹರಡಿ, ಅಲುಗಾಡಿಸದೆ ಇಟ್ಟಾಗ ಟೇಬಲ್ ತಡೆದುಕೊಳ್ಳುವ ತೂಕ. ಇನ್ನೊಂದು ‘ವರ್ಕಿಂಗ್ ಲೋಡ್’. ಅಂದರೆ ಜನ ಹತ್ತಿ ಇಳಿಯುವಾಗ, ಮಗ್ಗುಲು ಬದಲಿಸುವಾಗ, ಮಸಾಜ್ ಮಾಡುವವರು ಒತ್ತುವಾಗ ಸುರಕ್ಷಿತವಾಗಿ ಹೊರಬಲ್ಲ ತೂಕ. ಮೊದಲನೆಯ ಅಂಕಿ ಎರಡನೆಯದಕ್ಕಿಂತ ಬಹಳ ದೊಡ್ಡದು. ಜಾಹೀರಾತಿನಲ್ಲಿ ದಪ್ಪ ಅಕ್ಷರದಲ್ಲಿ ಮಿಂಚುವುದು ಹೆಚ್ಚಾಗಿ ಅದೇ.

ವ್ಯತ್ಯಾಸ ಯಾಕೆ? ಮುಳ್ಳು ಇರುವ ತೂಕದ ಯಂತ್ರವಿದ್ದರೆ ಅದರ ಮೇಲೆ ತಟ್ಟನೆ ನಿಂತು ನೋಡಿ. ಮುಳ್ಳು ನಿಮ್ಮ ತೂಕವನ್ನು ದಾಟಿ ಮುಂದೆ ಹೋಗಿ, ಆಮೇಲೆ ಹಿಂದೆ ಬಂದು ನಿಲ್ಲುತ್ತದೆ. ಭಾರವನ್ನು ಒಮ್ಮೆಲೇ ಬಿಟ್ಟಾಗ, ಸ್ಪ್ರಿಂಗಿನಂತೆ ಬಾಗುವ ಆಧಾರದ ಮೇಲೆ ಆ ಕ್ಷಣಕ್ಕೆ ಬೀಳುವ ಬಲ ಸುಮಾರು ಎರಡು ಪಟ್ಟು ಆಗಬಹುದು. 80 ಕೆ.ಜಿ. ತೂಕದವರು ಧೊಪ್ಪನೆ ಕೂತರೆ ಟೇಬಲ್‌ಗೆ ಅದು 160 ಕೆ.ಜಿ.ಯಷ್ಟು ಭಾರವಾಗಿ ತಾಕಬಹುದು. ಸ್ವಲ್ಪ ಎತ್ತರದಿಂದ ಬಿದ್ದರೆ ಇನ್ನೂ ಹೆಚ್ಚು.

ಭಾರ ಎಲ್ಲಿ ಬೀಳುತ್ತದೆ ಎಂಬುದೂ ಮುಖ್ಯ. ಮಲಗಿದಾಗ ತೂಕ ಇಡೀ ಟೇಬಲ್‌ಗೆ ಹಂಚಿಹೋಗುತ್ತದೆ. ಕೂತಾಗ ಒಂದೇ ಕಡೆ ಬೀಳುತ್ತದೆ. ಮಡಚುವ ಟೇಬಲ್‌ನಲ್ಲಿ ಮಧ್ಯದ ಕೀಲು, ಕಾಲುಗಳನ್ನು ಜಗ್ಗಿ ಹಿಡಿದಿರುವ ಉಕ್ಕಿನ ತಂತಿ, ಎತ್ತರ ಹೊಂದಿಸುವ ತಿರುಪು ಇವೇ ಸೂಕ್ಷ್ಮ ಜಾಗಗಳು. ಕಾಲುಗಳಿಂದ ಆಚೆಗೆ ಚಾಚಿಕೊಂಡ ತುದಿಯಲ್ಲಿ ಕೂತರೆ ಟೇಬಲ್ ಮಗುಚುವ ಅಪಾಯವೂ ಇದೆ. ತಲೆ ಇಡುವ ದಿಂಬಿನ ಚೌಕಟ್ಟು ತಲೆಗೆ ಮಾತ್ರ. ಅದರ ಮೇಲೆ ಕೈ ಊರಿ ಏಳಬಾರದು.

ಹೀಗಾಗಿ ಮಾರುವವರನ್ನು ನೇರವಾಗಿ ಕೇಳಿ: ‘ವರ್ಕಿಂಗ್ ಲೋಡ್ ಎಷ್ಟು?’ ಉತ್ತರ ಬರವಣಿಗೆಯಲ್ಲಿ ಬರಲಿ. ಆ ಅಂಕಿ ಮಲಗುವವರ ತೂಕ ಮತ್ತು ಒತ್ತುವವರ ಬಲ ಎರಡನ್ನೂ ಸೇರಿಸಿದ್ದಕ್ಕಿಂತ ಸಾಕಷ್ಟು ಹೆಚ್ಚಿರಬೇಕು. ಉತ್ತರ ಸಿಗದಿದ್ದರೆ ಆ ಟೇಬಲ್ ಬಿಟ್ಟುಬಿಡಿ.

ಹೇಳಿಕೆ 2: ‘ಐಎಸ್‌ಒ ಪ್ರಮಾಣಿತ, ಎಫ್‌ಡಿಎ ನೋಂದಾಯಿತ’

ಐಎಸ್‌ಒ 9001 ಎಂಬುದು ಒಂದು ಸಂಸ್ಥೆ ತನ್ನ ಕೆಲಸವನ್ನು ಹೇಗೆ ನಡೆಸುತ್ತದೆ ಎಂಬುದಕ್ಕೆ ಸಂಬಂಧಿಸಿದ ಮಾನದಂಡ. ನಿಮ್ಮ ಮುಂದಿರುವ ಟೇಬಲ್ ಇಷ್ಟು ತೂಕ ಹೊರುತ್ತದೆ ಎಂಬ ಪುರಾವೆ ಅದಲ್ಲ. ಅಮೆರಿಕದ ಎಫ್‌ಡಿಎಯಲ್ಲಿ ಹೆಸರು ನೋಂದಾಯಿಸುವುದಕ್ಕೂ ಅದರ ಅನುಮೋದನೆ ಸಿಗುವುದಕ್ಕೂ ವ್ಯತ್ಯಾಸವಿದೆ. ನೋಂದಣಿ ಎಂದರೆ ಅನುಮೋದನೆಯಲ್ಲ ಎಂದು ಆ ಸಂಸ್ಥೆಯೇ ಹೇಳುತ್ತದೆ. ಈ ಮುದ್ರೆಗಳು ಸುಳ್ಳೇ ಆಗಿರಬೇಕಿಲ್ಲ. ಆದರೆ ನೀವು ಕೇಳಿದ ಪ್ರಶ್ನೆಗೆ ಅವು ಉತ್ತರವಲ್ಲ.

ಹೇಳಿಕೆ 3: ‘ಒಂದೇ ಎತ್ತರ, ಎಲ್ಲರಿಗೂ ಸರಿ’

ಇದು ಮಸಾಜ್ ಮಾಡುವವರ ಹೊಟ್ಟೆಪಾಡಿನ ಪ್ರಶ್ನೆ. ಟೇಬಲ್ ತಗ್ಗಾದರೆ ದಿನವಿಡೀ ಬಗ್ಗಿ ಸೊಂಟ ಹಿಡಿಯುತ್ತದೆ. ಎತ್ತರವಾದರೆ ಭುಜ ಮೇಲೆತ್ತಿ ಬರೀ ತೋಳಿನ ಬಲದಲ್ಲಿ ಒತ್ತಬೇಕಾಗುತ್ತದೆ. ಸೊಂಟ, ಭುಜ, ಹೆಬ್ಬೆರಳಿನ ನೋವು ಈ ವೃತ್ತಿಯಲ್ಲಿ ಸಾಮಾನ್ಯ.

ಅಳತೆಗೆ ಒಂದು ಸುಲಭ ದಾರಿ ಇದೆ. ಟೇಬಲ್ ಪಕ್ಕದಲ್ಲಿ ನೆಟ್ಟಗೆ ನಿಂತು ಕೈ ಇಳಿಬಿಟ್ಟು ಮುಷ್ಟಿ ಹಿಡಿಯಿರಿ. ಬೆರಳ ಗೆಣ್ಣುಗಳು ಟೇಬಲ್‌ಗೆ ತಾಕಿದರೆ ಹೆಚ್ಚಿನ ಕೆಲಸಕ್ಕೆ ಅದು ಸರಿಯಾದ ಎತ್ತರ. ಮೈಭಾರ ಹಾಕಿ ಒತ್ತಬೇಕಿದ್ದರೆ ಸ್ವಲ್ಪ ತಗ್ಗಿಸಿ. ಹಗುರವಾಗಿ ಸವರುವುದಾದರೆ ಸ್ವಲ್ಪ ಏರಿಸಿ. ಮಲಗುವವರ ಮೈಯ ದಪ್ಪವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಆದ್ದರಿಂದ ಎತ್ತರ ಬದಲಿಸಲು ಬರುವ ಟೇಬಲ್ಲೇ ಮೇಲು. ಇಬ್ಬರು ಹಂಚಿಕೊಂಡು ಬಳಸುವುದಾದರೆ ಅದು ಬೇಕೇ ಬೇಕು.

ಅಗಲವೂ ಹೀಗೆಯೇ. ಸಾಮಾನ್ಯವಾಗಿ 24ರಿಂದ 30 ಇಂಚಿನವರೆಗೆ ಸಿಗುತ್ತದೆ. ಅಗಲ ಹೆಚ್ಚಿದಷ್ಟೂ ಮಲಗುವವರಿಗೆ ಸುಖ, ಆದರೆ ಗಿಡ್ಡಗಿರುವ ಥೆರಪಿಸ್ಟ್ ಆಚೆ ಬದಿಗೆ ಕೈ ಚಾಚಲು ಬಾಗಲೇಬೇಕು.

ಹೇಳಿಕೆ 4: ‘ಮರದ್ದೇ ಗಟ್ಟಿ, ಅಲ್ಯೂಮಿನಿಯಂ ದುರ್ಬಲ’

ಬರೀ ವಸ್ತುವಿನ ಹೆಸರು ನೋಡಿ ಇದನ್ನು ಹೇಳಲಾಗದು. ಜೋಡಣೆ ಸರಿಯಿದ್ದರೆ ಎರಡೂ ಗಟ್ಟಿಯೇ. ಅಲ್ಯೂಮಿನಿಯಂ ಹಗುರ, ನೀರು ಹೀರುವುದಿಲ್ಲ. ಮರ ತೇವಕ್ಕೆ ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ; ಆಗ ಬೋಲ್ಟು, ತಿರುಪು ಸಡಿಲವಾಗುತ್ತವೆ. ಮಂಗಳೂರು, ಉಡುಪಿ ಕಡೆಯ ಮಳೆಗಾಲದಲ್ಲಿ ಇದನ್ನು ಮರೆಯುವಂತಿಲ್ಲ. ಯಾವುದೇ ಟೇಬಲ್ ಆದರೂ ಬಿಡಿಸಿದ ಕೂಡಲೇ ತಿರುಪು ಬಿಗಿ ಮಾಡಿ, ತಂತಿಗಳು ಬಿಗಿಯಾಗಿವೆಯೇ ನೋಡಿ, ಕೈಯಿಂದ ಒತ್ತಿ ಅಲುಗಾಡಿಸಿದ ಮೇಲೆಯೇ ಜನರನ್ನು ಹತ್ತಿಸಿ.

ಹೊರುವ ಮಾತು ಬಂದಾಗ ಟೇಬಲ್‌ನ ಸ್ವಂತ ತೂಕ ಕೇಳಿ. 15 ಕೆ.ಜಿ. ಎಂದರೆ ಅಂಗಡಿಯಲ್ಲಿ ಹಗುರವೆನಿಸಬಹುದು. ಲಿಫ್ಟ್ ಇಲ್ಲದ ಮೂರನೇ ಮಹಡಿಗೆ ದಿನಕ್ಕೆ ನಾಲ್ಕು ಸಲ ಹೊತ್ತರೆ ಹಾಗನಿಸುವುದಿಲ್ಲ. ಆರು ಅಡಿಯ ಟೇಬಲ್ ಮಡಚಿದರೂ ಮೂರು ಅಡಿ ಉದ್ದ, ಎರಡು ಅಡಿ ಅಗಲ ಇರುತ್ತದೆ. ಸ್ಕೂಟರ್ ಮೇಲೆ ಒಯ್ಯುವ ಯೋಚನೆ ಇದ್ದರೆ ಇದನ್ನು ಮೊದಲೇ ಅಳೆದುಕೊಳ್ಳಿ.

ಹೇಳಿಕೆ 5: ‘ಫೋಮ್ ದಪ್ಪವಿದ್ದಷ್ಟೂ ಒಳ್ಳೆಯದು’

ದಪ್ಪ, ಸಾಂದ್ರತೆ, ಗಡಸುತನ ಇವು ಮೂರೂ ಬೇರೆ ಬೇರೆ. ‘40 ಡೆನ್ಸಿಟಿ’ ಎಂದರೆ ಒಂದು ಘನ ಮೀಟರ್ ಫೋಮ್ 40 ಕೆ.ಜಿ. ತೂಗುತ್ತದೆ ಎಂದರ್ಥ. ಒಂದೇ ಸಾಂದ್ರತೆಯ ಫೋಮ್ ಮೆತ್ತಗೂ ಇರಬಹುದು, ಗಡುಸಾಗಿಯೂ ಇರಬಹುದು. ಸಾಂದ್ರತೆ ಕಡಿಮೆ ಇದ್ದರೆ ದಪ್ಪ ಫೋಮ್ ಕೂಡ ಬೇಗ ತಗ್ಗು ಬೀಳುತ್ತದೆ. ಮುಷ್ಟಿಯಿಂದ ಜೋರಾಗಿ ಒತ್ತಿ ನೋಡಿ. ಕೆಳಗಿನ ಹಲಗೆ ತಾಕಿದರೆ ಮಲಗುವವರ ಸೊಂಟದ ಮೂಳೆಗೂ ತಾಕುತ್ತದೆ.

ಮೇಲಿನ ಹೊದಿಕೆಯನ್ನು ನಾವು ರೆಕ್ಸಿನ್ ಎಂದು ಕರೆಯುತ್ತೇವೆ. ಅದರಲ್ಲಿ ಪಿವಿಸಿ ಮತ್ತು ಪಿಯು ಎಂಬ ಎರಡು ಬಗೆ ಸಾಮಾನ್ಯ. ಪಿವಿಸಿಯನ್ನು ಮೆತ್ತಗಿಡಲು ಬೆರೆಸಿದ ಅಂಶವನ್ನು ಎಣ್ಣೆ ನಿಧಾನವಾಗಿ ಹೀರಿಕೊಳ್ಳುತ್ತದೆ. ಹಾಗಾಗಿ ಎಣ್ಣೆ ನಿಂತಲ್ಲಿ ಅದು ಬಿರುಸಾಗಿ ಬಿರುಕು ಬಿಡಬಹುದು. ಪಿಯು ಮೆತ್ತಗಿರುತ್ತದೆ, ಆದರೆ ತೇವದ ಗಾಳಿಯಲ್ಲಿ ವರ್ಷಗಳು ಕಳೆದಂತೆ ಸಿಪ್ಪೆ ಏಳುವುದುಂಟು. ಎಣ್ಣೆ ಮಸಾಜಿಗೆ ಟೇಬಲ್ ಮೇಲೆ ಒಗೆಯಬಹುದಾದ ಹೊದಿಕೆ ಹಾಸಿ. ಕೆಲಸ ಮುಗಿದ ಮೇಲೆ ತೆಳು ಸೋಪಿನ ನೀರಿನಲ್ಲಿ ಒರೆಸಿ, ಒಣಗಿಸಿಯೇ ಮಡಚಿ.

ಹೇಳಿಕೆ 6: ‘ಮಲಗಿದರೆ ಸಾಕು, ಶುಗರ್ ಇಳಿಯುತ್ತದೆ’

ಆಯಸ್ಕಾಂತ, ಕಲ್ಲು, ಕೆಂಪು ಬೆಳಕು ಸೇರಿಸಿ ದುಬಾರಿ ಬೆಲೆಗೆ ಮಾರುವ ಟೇಬಲ್‌ಗಳ ಬಗ್ಗೆ ಇಂಥ ಮಾತು ಹರಿದಾಡುತ್ತದೆ. ಟೇಬಲ್ ಎಂಬುದು ಆಧಾರ, ಔಷಧವಲ್ಲ. ಮಸಾಜಿನಿಂದ ಸ್ನಾಯುಗಳ ಬಿಗಿತ ಸ್ವಲ್ಪ ಹೊತ್ತು ಸಡಿಲಾಗಬಹುದು, ಮನಸ್ಸಿಗೆ ಹಾಯೆನಿಸಬಹುದು. ಅದು ಸಕ್ಕರೆ ಕಾಯಿಲೆಯನ್ನು ಗುಣಪಡಿಸುವುದಿಲ್ಲ. ಮಧುಮೇಹ, ಕ್ಯಾನ್ಸರ್, ಪಾರ್ಶ್ವವಾಯು ಮುಂತಾದವನ್ನು ವಾಸಿಮಾಡುತ್ತೇವೆ ಎಂಬ ಜಾಹೀರಾತುಗಳನ್ನು ತಡೆಯಲು ನಮ್ಮ ದೇಶದಲ್ಲಿ 1954ರಿಂದಲೇ ಕಾನೂನು ಇದೆ. ಇಂಥ ಮಾತು ನಂಬಿ ಮಾತ್ರೆ ನಿಲ್ಲಿಸಿದರೆ ನಷ್ಟ ಹಣದ್ದು ಮಾತ್ರ ಆಗಿರುವುದಿಲ್ಲ.

ಇನ್ನೊಂದು ಎಚ್ಚರಿಕೆ. ಒಂದೇ ಕಾಲು ಊದಿ, ನೋವಿದ್ದು, ಬಿಸಿಯಾಗಿದ್ದರೆ ಅದು ರಕ್ತನಾಳದಲ್ಲಿ ಹೆಪ್ಪುಗಟ್ಟಿದ ಲಕ್ಷಣವಿರಬಹುದು. ಆ ಕಾಲನ್ನು ತಿಕ್ಕಬೇಡಿ, ಮೊದಲು ವೈದ್ಯರಿಗೆ ತೋರಿಸಿ. ಬಾಣಂತಿಯರಲ್ಲೂ, ಶಸ್ತ್ರಚಿಕಿತ್ಸೆ ಆದವರಲ್ಲೂ ಈ ಅಪಾಯ ಹೆಚ್ಚು.

ಮನೆಯ ಹಿರಿಯರಿಗೆ ಬೇಕೇ?

ಮನೆಯ ಕುರ್ಚಿಯ ಎತ್ತರ ಸುಮಾರು 45 ಸೆಂ.ಮೀ. ಮಸಾಜ್ ಟೇಬಲ್‌ಗಳು ತಗ್ಗಿಸಿದರೂ ಹೆಚ್ಚಾಗಿ 60 ಸೆಂ.ಮೀ. ಹತ್ತಿರ ಇರುತ್ತವೆ. ಕೂತಾಗ ಅಜ್ಜ ಅಜ್ಜಿಯ ಕಾಲು ನೆಲಕ್ಕೆ ಎಟುಕದಿರಬಹುದು. ಮೂಳೆ ಸವೆದ ವಯಸ್ಸಿನಲ್ಲಿ ಹತ್ತಿ ಇಳಿಯುವಾಗ ಬೀಳುವುದೇ ದೊಡ್ಡ ಅಪಾಯ. ವಾರಕ್ಕೊಮ್ಮೆ ಎಣ್ಣೆ ಹಚ್ಚುವುದಕ್ಕಷ್ಟೇ ಆದರೆ ಗಟ್ಟಿ ಹಾಸಿಗೆಯ ಮಂಚವೇ ಸಾಕು. ಟೇಬಲ್ ಬಳಸಲೇಬೇಕಿದ್ದರೆ ಜಾರದ ಮೆಟ್ಟಿಲು ಸ್ಟೂಲ್ ಇಡಿ, ಪಕ್ಕದಲ್ಲಿ ಒಬ್ಬರು ಹಿಡಿದುಕೊಂಡಿರಲಿ.

ಕೊಳ್ಳುವ ಮುನ್ನ ಐದು ಪ್ರಶ್ನೆ

1. ವರ್ಕಿಂಗ್ ಲೋಡ್ ಎಷ್ಟು?
2. ನನ್ನ ಮುಷ್ಟಿಯ ಮಟ್ಟಕ್ಕೆ ಎತ್ತರ ಹೊಂದಿಸಲು ಬರುತ್ತದೆಯೇ?
3. ಟೇಬಲ್‌ನ ತೂಕ ಎಷ್ಟು, ನಾನೊಬ್ಬಳೇ ಅಥವಾ ಒಬ್ಬನೇ ಹೊರಬಲ್ಲೆನೇ?
4. ತಂತಿ, ತಿರುಪು, ಹೊದಿಕೆ ಹಾಳಾದರೆ ಬಿಡಿಭಾಗ ಸಿಗುತ್ತದೆಯೇ?
5. ತಯಾರಿಸಿದ ದೇಶ, ಆಮದು ಮಾಡಿದವರ ವಿಳಾಸ, ವಾಪಸು ಮಾಡುವ ಅವಧಿ ಬರೆದಿದ್ದಾರೆಯೇ?

ಹೇಳಿದ್ದೊಂದು ಬಂದದ್ದೊಂದು ಆದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು. ಜಾಹೀರಾತಿನ ಸ್ಕ್ರೀನ್‌ಶಾಟ್ ಇಟ್ಟುಕೊಂಡಿರಿ.

‘500 ಕೆ.ಜಿ. ತಡೆಯುತ್ತದೆ’ ಎಂಬ ಫಾರ್ವರ್ಡ್ ನಿಮ್ಮ ಗ್ರೂಪಿಗೆ ಬಂದರೆ, ‘ನಿಂತ ತೂಕವೋ, ಕೆಲಸದ ತೂಕವೋ?’ ಎಂದು ಕೇಳಿ. ಕಳಿಸಿದವರಿಗೆ ಉತ್ತರ ಗೊತ್ತಿಲ್ಲದಿದ್ದರೆ ಅದನ್ನು ಮುಂದಕ್ಕೆ ಕಳಿಸಬೇಡಿ.