ಡಿಫರೆನ್ಷಿಯಲ್‌ಗೆ ವೆಲ್ಡಿಂಗ್ ಮಾಡಿಸಿದರೆ ಕಾರು ರಸ್ತೆಗೂ ರೇಸಿಗೂ ಒದಗುತ್ತದೆಯೇ?

ಹಳೆಯ ಕಾಂಟೆಸ್ಸಾ, ಓಮ್ನಿ ಅಥವಾ ಜೀಪ್ ಕೊಂಡು ಅದನ್ನು ಜೋರು ಮಾಡಲು ಹೊರಟವರಿಗೆ ಒಂದು ಸಲಹೆ ಬೇಗ ಸಿಗುತ್ತದೆ: ಹಿಂದಿನ ಡಿಫರೆನ್ಷಿಯಲ್ ಬಿಚ್ಚಿ ಒಳಗಿನ ಗೇರುಗಳಿಗೆ ವೆಲ್ಡಿಂಗ್ ಮಾಡಿಸಿ, ಜೊತೆಗೆ ಎಳೆತ ಜಾಸ್ತಿ ಇರುವ ಕ್ರೌನ್-ಪಿನಿಯನ್ ಸೆಟ್ ಹಾಕಿಸಿ. ಎರಡೂ ಚಕ್ರ ಒಟ್ಟಿಗೆ ಎಳೆಯುತ್ತವೆ, ಗಾಡಿ ಬಾಣದಂತೆ ಹೊರಡುತ್ತದೆ, ಡ್ರ್ಯಾಗ್ ರೇಸಿಗೂ ಆಯಿತು, ದಿನದ ಓಡಾಟಕ್ಕೂ ಆಯಿತು ಎನ್ನುವುದು ವಾದ. ನಾವು ಇದನ್ನು ಪರಿಶೀಲಿಸಿದಾಗ ಕಂಡದ್ದು ಇಷ್ಟು: ನೇರ ಓಟದ ಮಟ್ಟಿಗೆ ಈ ಮಾತಿನಲ್ಲಿ ಸತ್ಯವಿದೆ. ರಸ್ತೆಯ ಮಟ್ಟಿಗೆ ಇದು ತಪ್ಪು, ಚಾಮರಾಜನಗರ, ಗುಂಡ್ಲುಪೇಟೆ ಸುತ್ತಲಿನ ರಸ್ತೆಗಳಲ್ಲಂತೂ ಅಪಾಯ.

ಮೊದಲೇ ಒಂದು ಮಾತು. ಸ್ವಿಫ್ಟ್, ಐ20ಯಂಥ ಕಾರುಗಳಲ್ಲಿ ಎಂಜಿನ್ ಮುಂದಿನ ಚಕ್ರಗಳನ್ನು ತಿರುಗಿಸುತ್ತದೆ, ಡಿಫರೆನ್ಷಿಯಲ್ ಗೇರ್‌ಬಾಕ್ಸ್‌ನ ಒಳಗೇ ಇರುತ್ತದೆ. ಹಿಂದೆ ಬದಲಿಸಲು ಏನೂ ಇಲ್ಲ. ಇಲ್ಲಿ ಹೇಳುವುದು ಹಿಂದಿನ ಚಕ್ರಗಳಿಂದ ಓಡುವ ಗಾಡಿಗಳಿಗೆ: ಅಂಬಾಸಿಡರ್, ಪದ್ಮಿನಿ, ಕಾಂಟೆಸ್ಸಾ, ಓಮ್ನಿ, ಜೀಪ್, ಬೊಲೆರೊ.

ಟ್ರ್ಯಾಕ್ಟರ್ ಓಡಿಸಿದವರಿಗೆ ಇದು ಗೊತ್ತಿದೆ

ಡಿಫರೆನ್ಷಿಯಲ್ ಎಂದರೇನು ಎಂದು ಚಾಮರಾಜನಗರದ ರೈತರಿಗೆ ಹೇಳಿಕೊಡಬೇಕಾಗಿಲ್ಲ. ಮಳೆ ಬಿದ್ದ ಕಪ್ಪು ಮಣ್ಣಿನಲ್ಲಿ ಅರಿಸಿನ ತುಂಬಿದ ಟ್ರೇಲರ್ ಎಳೆಯುವಾಗ ಟ್ರ್ಯಾಕ್ಟರಿನ ಒಂದು ಚಕ್ರ ಸುಮ್ಮನೆ ಸುತ್ತುತ್ತದೆ, ಇನ್ನೊಂದು ಅಲ್ಲಾಡದೆ ನಿಲ್ಲುತ್ತದೆ. ಆಗ ಚಾಲಕರು ಕಾಲಿನ ಬಳಿಯ ಡಿಫರೆನ್ಷಿಯಲ್ ಲಾಕ್ ಪೆಡಲ್ ತುಳಿಯುತ್ತಾರೆ. ಎರಡೂ ಚಕ್ರಗಳು ಒಂದಕ್ಕೊಂದು ಬಿಗಿದುಕೊಂಡು ಗಾಡಿ ಕೆಸರಿನಿಂದ ಮೇಲೆ ಬರುತ್ತದೆ. ಮೇಲೆ ಬಂದ ತಕ್ಷಣ ಪೆಡಲ್ ಬಿಡಬೇಕು. ಬಿಡದೆ ಸ್ಟೀರಿಂಗ್ ತಿರುಗಿಸಿದರೆ ಟ್ರ್ಯಾಕ್ಟರ್ ತಿರುಗುವುದಿಲ್ಲ, ನೇರಕ್ಕೇ ನುಗ್ಗುತ್ತದೆ.

ಡಿಫರೆನ್ಷಿಯಲ್‌ಗೆ ವೆಲ್ಡಿಂಗ್ ಮಾಡಿಸುವುದೆಂದರೆ ಆ ಪೆಡಲನ್ನು ಯಾವತ್ತೂ ಬಿಡದಂತೆ ಕಟ್ಟಿಹಾಕಿದಂತೆ.

ಮಾಮೂಲಿ ಡಿಫರೆನ್ಷಿಯಲ್ ಎರಡು ಚಕ್ರಗಳಿಗೂ ಸಮನಾದ ಟಾರ್ಕ್ ಕೊಡುತ್ತದೆ, ಆದರೆ ಸಮನಾದ ವೇಗವನ್ನು ಹೇರುವುದಿಲ್ಲ. ತಿರುವಿನಲ್ಲಿ ಹೊರಗಿನ ಚಕ್ರ ಹೆಚ್ಚು ದೂರ ಓಡಬೇಕಾದ್ದರಿಂದ ಈ ಸ್ವಾತಂತ್ರ್ಯ ಬೇಕೇ ಬೇಕು. ಇದರ ಇನ್ನೊಂದು ಮುಖವೂ ಇದೆ. ಒಂದು ಚಕ್ರಕ್ಕೆ ಹಿಡಿತ ತಪ್ಪಿದರೆ ಅದು ಎಷ್ಟು ಟಾರ್ಕ್ ತಡೆದುಕೊಳ್ಳುತ್ತದೋ ಅಷ್ಟೇ ಇನ್ನೊಂದಕ್ಕೂ ಸಿಗುತ್ತದೆ. ಡ್ರ್ಯಾಗ್ ಓಡಿಸುವವರ ದೂರು ಇದೇ, ಮತ್ತು ಅದು ನಿಜವಾದ ದೂರು. ಹಿಂದೆ ಗಟ್ಟಿ ಆಕ್ಸಲ್ ಇರುವ ಕಾರಿನಲ್ಲಿ ಕ್ಲಚ್ ಒಮ್ಮೆಲೇ ಬಿಟ್ಟಾಗ ಪ್ರೊಪೆಲ್ಲರ್ ಶಾಫ್ಟ್ ತಿರುಚುವ ಬಲ ಆಕ್ಸಲನ್ನೂ ತಿರುಚಿ ಒಂದು ಕಡೆಯ ಚಕ್ರದ ಮೇಲಿನ ಭಾರ ಇಳಿಸುತ್ತದೆ. ಆ ಚಕ್ರ ಸುತ್ತಿ ಹೊಗೆ ಎದ್ದಿತೆಂದರೆ ಓಟ ಅಲ್ಲಿಗೆ ಮುಗಿಯಿತು. ಚಕ್ರಗಳನ್ನು ಒಂದಕ್ಕೊಂದು ಬಿಗಿದರೆ ಈ ತೊಂದರೆ ಹೋಗುತ್ತದೆ.

ದಿಂಬಂ ಇಳಿಯುವಾಗ ಏನಾಗುತ್ತದೆ?

ಚಾಮರಾಜನಗರದಿಂದ ಪುಣಜನೂರು, ಹಾಸನೂರು ದಾಟಿ ಸತ್ಯಮಂಗಲದ ಕಡೆ ಹೋಗುವ ದಾರಿಯಲ್ಲಿ ದಿಂಬಂ ಘಾಟಿ ಸಿಗುತ್ತದೆ. ಅಲ್ಲಿ 27 ಹೇರ್‌ಪಿನ್ ತಿರುವುಗಳಿವೆ. ಒಂದು ಸಣ್ಣ ಲೆಕ್ಕ ಮಾಡೋಣ. ಹಿಂದಿನ ಎರಡು ಚಕ್ರಗಳ ನಡುವಿನ ಅಂತರ 1.3 ಮೀಟರ್ ಇದ್ದರೆ, ಅರ್ಧ ಸುತ್ತಿನ ತಿರುವಿನಲ್ಲಿ ಹೊರಗಿನ ಚಕ್ರ ಒಳಗಿನದಕ್ಕಿಂತ ಸುಮಾರು 4.1 ಮೀಟರ್ ಹೆಚ್ಚು ಓಡಬೇಕು. ತಿರುವು ದೊಡ್ಡದಿರಲಿ, ಚಿಕ್ಕದಿರಲಿ, ಈ ಸಂಖ್ಯೆ ಬದಲಾಗುವುದಿಲ್ಲ. (ನಮಗೂ ಇದು ಮೊದಲು ನಂಬಿಕೆಯಾಗಲಿಲ್ಲ. ಕಾಗದದ ಮೇಲೆ ಎರಡು ಅರ್ಧವೃತ್ತ ಬರೆದು ಕಳೆದು ನೋಡಿ.) ಪ್ರತಿ ತಿರುವೂ ಪೂರ್ತಿ ಅರ್ಧ ಸುತ್ತು ಎಂದು ಹಿಡಿದರೆ 27 ತಿರುವುಗಳಲ್ಲಿ ಒಟ್ಟು 110 ಮೀಟರ್ ವ್ಯತ್ಯಾಸ. ವೆಲ್ಡಿಂಗ್ ಮಾಡಿದ ಡಿಫರೆನ್ಷಿಯಲ್‌ನಲ್ಲಿ ಈ ವ್ಯತ್ಯಾಸ ಹೊರಬರಲು ಬೇರೆ ದಾರಿ ಇಲ್ಲ. ಟೈರುಗಳೇ ರಸ್ತೆಯ ಮೇಲೆ ಉಜ್ಜಿಕೊಂಡು ಸರಿಯಬೇಕು.

ಟೈರ್ ಸವೆಯುವುದು ಚಿಕ್ಕ ಮಾತು. ದೊಡ್ಡ ಮಾತು ಕಾರಿನ ನಡತೆಯದು. ಬಿಗಿದ ಚಕ್ರಗಳು ಕಾರನ್ನು ನೇರಕ್ಕೆ ತಳ್ಳುತ್ತಿರುತ್ತವೆ. ಚಾಲಕರು ಸ್ಟೀರಿಂಗ್ ಇನ್ನಷ್ಟು ಎಳೆಯುತ್ತಾರೆ. ಮಳೆ ಬಿದ್ದ ರಸ್ತೆಯಲ್ಲಿ ಒಂದು ಕ್ಷಣಕ್ಕೆ ಹಿಂದಿನ ಎರಡೂ ಟೈರುಗಳು ಒಟ್ಟಿಗೆ ಹಿಡಿತ ಬಿಡುತ್ತವೆ, ಕಾರಿನ ಬಾಲ ಹೊರಕ್ಕೆ ಬೀಸುತ್ತದೆ. ಮಾಮೂಲಿ ಡಿಫರೆನ್ಷಿಯಲ್ ಇದ್ದರೆ ಆಕ್ಸಿಲರೇಟರ್ ಒತ್ತಿದಾಗ ಸಾಮಾನ್ಯವಾಗಿ ಒಂದು ಚಕ್ರ ಮಾತ್ರ ಜಾರುತ್ತದೆ, ಇನ್ನೊಂದು ಕಾರನ್ನು ಸಾಲಿನಲ್ಲಿ ಹಿಡಿದಿರುತ್ತದೆ. ಹೇರ್‌ಪಿನ್ನಿನಲ್ಲಿ ಎದುರಿನಿಂದ ಲಾರಿ ಬರುತ್ತಿರುವಾಗ ಈ ವ್ಯತ್ಯಾಸದ ಬೆಲೆ ಏನೆಂದು ವಿವರಿಸಬೇಕಾಗಿಲ್ಲ.

ವೆಲ್ಡಿಂಗ್‌ನ ಗಟ್ಟಿತನದ ಬಗ್ಗೆಯೂ ಅನುಮಾನ ಇರಲಿ. ಡಿಫರೆನ್ಷಿಯಲ್ ಒಳಗಿನ ಗೇರುಗಳ ಮೇಲ್ಮೈಯನ್ನು ಕಾರ್ಖಾನೆಯಲ್ಲಿ ಶಾಖ ಕೊಟ್ಟು ಗಡಸು ಮಾಡಿರುತ್ತಾರೆ. ಅಂಥ ಉಕ್ಕಿಗೆ ಸರಿಯಾಗಿ ಕಾಯಿಸದೆ ವೆಲ್ಡಿಂಗ್ ಮಾಡಿದರೆ ಬೆಸುಗೆಯ ಪಕ್ಕದ ಲೋಹ ಗಾಜಿನಂತೆ ಬಿರುಸಾಗಿ ಬಿರುಕು ಬಿಡುತ್ತದೆ. ಒಡೆದ ಒಂದು ಚೂರು ಕ್ರೌನ್ ಮತ್ತು ಪಿನಿಯನ್ ನಡುವೆ ಸಿಕ್ಕಿಕೊಂಡರೆ ಓಡುತ್ತಿರುವಾಗಲೇ ಹಿಂದಿನ ಎರಡೂ ಚಕ್ರಗಳು ಜಾಮ್ ಆಗಬಹುದು.

ಕ್ರೌನ್-ಪಿನಿಯನ್: ಹಲ್ಲುಗಳ ಲೆಕ್ಕ

ಪ್ರೊಪೆಲ್ಲರ್ ಶಾಫ್ಟ್‌ನ ತುದಿಯಲ್ಲಿರುವ ಚಿಕ್ಕ ಗೇರ್ ಪಿನಿಯನ್. ಅದು ತಿರುಗಿಸುವ ದೊಡ್ಡ ಚಕ್ರ ಕ್ರೌನ್. ಕ್ರೌನ್‌ನಲ್ಲಿ 41 ಹಲ್ಲು, ಪಿನಿಯನ್‌ನಲ್ಲಿ 10 ಇದ್ದರೆ ಅನುಪಾತ 4.1. ಪಿನಿಯನ್ ಹಲ್ಲು 8 ಆದರೆ 5.125. ಸಂಖ್ಯೆ ದೊಡ್ಡದಾದಷ್ಟೂ ಎಳೆತ ಹೆಚ್ಚು. ಆದರೆ ಈ ಹೆಚ್ಚಿನ ಎಳೆತ ಬಿಟ್ಟಿ ಬರುವುದಿಲ್ಲ, ಅಷ್ಟೇ ವೇಗಕ್ಕೆ ಎಂಜಿನ್ ಹೆಚ್ಚು ಸುತ್ತಬೇಕು.

ಟೈರಿನ ಸುತ್ತಳತೆ 1.95 ಮೀಟರ್, ಟಾಪ್ ಗೇರ್‌ನ ಅನುಪಾತ 1 ಎಂದು ಇಟ್ಟುಕೊಳ್ಳಿ. ಮೈಸೂರಿಗೆ ಹೋಗುವಾಗ 80 ಕಿ.ಮೀ. ವೇಗದಲ್ಲಿ 4.1ರ ಸೆಟ್ಟಿನಲ್ಲಿ ಎಂಜಿನ್ ನಿಮಿಷಕ್ಕೆ ಸುಮಾರು 2,800 ಸುತ್ತು ಹೊಡೆಯುತ್ತದೆ. 5.125ರಲ್ಲಿ ಅದೇ ವೇಗಕ್ಕೆ 3,500. ಇಡೀ ದಾರಿ ಗದ್ದಲ, ಬಿಸಿ, ಪೆಟ್ರೋಲ್ ಖರ್ಚು. ಸ್ಪೀಡೋಮೀಟರಿನ ಕೇಬಲ್ ಗೇರ್‌ಬಾಕ್ಸ್‌ನಿಂದ ಬರುವ ಹಳೆಯ ಗಾಡಿಗಳಲ್ಲಿ ಮುಳ್ಳು ಕೂಡ ಸುಳ್ಳು ಹೇಳತೊಡಗುತ್ತದೆ: ನಿಜವಾಗಿ 80ರಲ್ಲಿದ್ದರೆ 100 ತೋರಿಸುತ್ತದೆ. ಗಾಡಿ ಜೋರಾಗಿದೆ ಎಂಬ ನಂಬಿಕೆಗೆ ಈ ಮುಳ್ಳೂ ಒಂದಿಷ್ಟು ಕಾರಣವಿರಬಹುದು ಎಂಬುದು ನಮ್ಮ ಅನಿಸಿಕೆ.

ಹಾಗಾದರೆ ಡ್ರ್ಯಾಗ್ ಓಟಕ್ಕೆ ದೊಡ್ಡ ಸಂಖ್ಯೆಯೇ ಸರಿಯೇ? ಅಲ್ಲಿಯೂ ಮಿತಿ ಇದೆ. ಕ್ವಾರ್ಟರ್ ಮೈಲ್ ಎಂದರೆ 402 ಮೀಟರ್. ನಿಮ್ಮ ಕಾರು ಆ ಗೆರೆಯನ್ನು ಗಂಟೆಗೆ 130 ಕಿ.ಮೀ. ವೇಗದಲ್ಲಿ ಟಾಪ್ ಗೇರ್‌ನಲ್ಲಿ ದಾಟುತ್ತದೆ, ಎಂಜಿನ್ನಿನ ಗರಿಷ್ಠ ಶಕ್ತಿ 5,400 ಸುತ್ತಿನಲ್ಲಿ ಬರುತ್ತದೆ ಎಂದಿರಲಿ. 4.1ರಲ್ಲಿ ಗೆರೆ ದಾಟುವಾಗ ಎಂಜಿನ್ 4,550ರಲ್ಲಿರುತ್ತದೆ, ಶಕ್ತಿ ಇನ್ನೂ ಉಳಿದಿದೆ. 5.125ರಲ್ಲಿ 5,700, ಶಕ್ತಿ ಇಳಿಯತೊಡಗಿದೆ. 39ಕ್ಕೆ 8 ಹಲ್ಲಿನ 4.875ರಲ್ಲಿ ಸುಮಾರು 5,400, ಸರಿಯಾಗಿ ಕೂರುತ್ತದೆ. ಹಾಗಾಗಿ ಮೊದಲು ಗೆರೆ ದಾಟುವ ವೇಗ, ಟೈರಿನ ಅಳತೆ, ಎಂಜಿನ್ನಿನ ಗುಣ ತಿಳಿದುಕೊಂಡು, ಆಮೇಲೆ ಅಂಗಡಿಗೆ ಹೋಗುವುದು ಒಳ್ಳೆಯದು. ಗೆಳೆಯರ ಜೀಪಿಗೆ ಹಾಕಿದ್ದು ನಿಮ್ಮ ಕಾರಿಗೆ ಸರಿಹೊಂದಬೇಕೆಂದಿಲ್ಲ.

ಕ್ರೌನ್ ಮತ್ತು ಪಿನಿಯನ್ನನ್ನು ಕಾರ್ಖಾನೆಯಲ್ಲಿ ಜೋಡಿಯಾಗಿಯೇ ಉಜ್ಜಿ ಹೊಂದಿಸಿರುತ್ತಾರೆ. ಒಂದು ಹಳೆಯದು, ಒಂದು ಹೊಸದು ಬೇಡ. ಜೋಡಿಸುವಾಗ ಹಲ್ಲುಗಳಿಗೆ ಬಣ್ಣ ಹಚ್ಚಿ ತಿರುಗಿಸಿ, ಗುರುತು ಹಲ್ಲಿನ ನಡುವೆ ಬೀಳುತ್ತಿದೆಯೇ ಎಂದು ನೋಡುವ ಮೆಕ್ಯಾನಿಕ್ ಸಿಕ್ಕರೆ ಬಿಡಬೇಡಿ. ಈ ಹೊಂದಾಣಿಕೆ ತಪ್ಪಿದರೆ ಆಕ್ಸಿಲರೇಟರ್ ಒತ್ತಿದಾಗಲೋ ಬಿಟ್ಟಾಗಲೋ ಹಿಂದಿನಿಂದ ಊಳಿಡುವ ಸದ್ದು ಶುರುವಾಗುತ್ತದೆ.

ಮೊದಲು ಆಕ್ಸಲ್

ಸಲಹೆ ಕೊಡುವವರು ಸಾಮಾನ್ಯವಾಗಿ ಬಿಟ್ಟುಬಿಡುವ ಭಾಗ ಇದು. ಎಂಜಿನ್ ಟಾರ್ಕ್ 140 ನ್ಯೂಟನ್ ಮೀಟರ್, ಮೊದಲ ಗೇರ್ 3.6 ಎನ್ನಿ. 4.1ರ ಮಾಮೂಲಿ ಡಿಫರೆನ್ಷಿಯಲ್‌ನಲ್ಲಿ ಒಂದೊಂದು ಆಕ್ಸಲ್‌ಗೆ ಬರುವುದು ಅರ್ಧ, ಅಂದರೆ ಸುಮಾರು 1,030. 5.125 ಹಾಕಿ ವೆಲ್ಡಿಂಗ್ ಮಾಡಿಸಿದರೆ ಒಂದು ಚಕ್ರ ಗಾಳಿಯಲ್ಲಿದ್ದಾಗ ಇನ್ನೊಂದು ಆಕ್ಸಲ್ ಒಂಟಿಯಾಗಿ 2,580ರವರೆಗೆ ಹೊರಬೇಕಾಗಬಹುದು. ಎರಡೂವರೆ ಪಟ್ಟು, ಅದೇ ಹಳೆಯ ಆಕ್ಸಲ್.

ಅಷ್ಟೂ ಪ್ರತಿ ಸಲ ಬರುವುದಿಲ್ಲ, ಏಕೆಂದರೆ ಅದಕ್ಕೂ ಮೊದಲು ಟೈರ್ ಜಾರುತ್ತದೆ. ಜಾರುವ ಟೈರ್ ಮನೆಯ ಫ್ಯೂಸ್ ಇದ್ದಂತೆ, ಬೇರೆ ಭಾಗಗಳನ್ನು ಉಳಿಸುತ್ತದೆ. ರೇಸಿಗೆಂದು ನೆಲಕ್ಕೆ ಅಂಟುವ ಮೆತ್ತನೆಯ ಟೈರ್ ಹಾಕಿದ ದಿನ ಆ ಫ್ಯೂಸ್ ತೆಗೆದು ತಂತಿ ಕಟ್ಟಿದ ಹಾಗೆ. ಅನೇಕ ಕಾರುಗಳಲ್ಲಿ ಆಕ್ಸಲ್ ಚಕ್ರವನ್ನು ತಿರುಗಿಸುವುದಷ್ಟೇ ಅಲ್ಲ, ಕಾರಿನ ಭಾರವನ್ನೂ ಹೊರುತ್ತದೆ. ಅಂಥ ಆಕ್ಸಲ್ ಮುರಿದರೆ ಚಕ್ರವೇ ಕಳಚಿಕೊಳ್ಳಬಹುದು. ಆದ್ದರಿಂದ ಹಣ ಹಾಕುವ ಕ್ರಮದಲ್ಲಿ ಗಟ್ಟಿ ಆಕ್ಸಲ್ ಮತ್ತು ಬೇರಿಂಗ್ ಮೊದಲು, ಡಿಫರೆನ್ಷಿಯಲ್ ಆಮೇಲೆ.

ಎರಡಕ್ಕೂ ಒದಗುವ ದಾರಿ ಇಲ್ಲವೇ?

ಇದೆ, ರಾಜಿಯೊಂದಿಗೆ. ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ ತಿರುವಿನಲ್ಲಿ ಚಕ್ರಗಳಿಗೆ ಸ್ವಾತಂತ್ರ್ಯ ಕೊಡುತ್ತದೆ, ಒಂದು ಚಕ್ರ ಜಾರತೊಡಗಿದಾಗ ಇನ್ನೊಂದಕ್ಕೆ ಹೆಚ್ಚು ಬಲ ಕಳಿಸುತ್ತದೆ. ಕ್ಲಚ್ ಪ್ಲೇಟ್‌ಗಳಿರುವ ಬಗೆ ಗಟ್ಟಿಯಾಗಿ ಹಿಡಿಯುತ್ತದೆ, ಆದರೆ ಪ್ಲೇಟ್ ಸವೆಯುತ್ತದೆ, ಅದಕ್ಕೆ ಹೇಳಿದ ಎಣ್ಣೆಯೇ ಬೇಕು. ಓರೆ ಹಲ್ಲಿನ ಗೇರುಗಳಿರುವ ಬಗೆಗೆ ಸವೆತ ಕಡಿಮೆ, ರಸ್ತೆಗೆ ಹಿತ, ಆದರೆ ಒಂದು ಚಕ್ರ ಪೂರ್ತಿ ಗಾಳಿಯಲ್ಲಿದ್ದರೆ ಅದು ಹೆಚ್ಚೇನೂ ಮಾಡಲಾರದು. ರಸ್ತೆಯಲ್ಲೇ ಹೆಚ್ಚು ಓಡುವ ಕಾರಿಗೆ ನಾವು ಎರಡನೆಯದನ್ನೇ ಆರಿಸುತ್ತಿದ್ದೆವು. ಗುಂಡಿ ಒತ್ತಿ ಲಾಕ್ ಮಾಡುವ, ಬಿಡುವ ಬಗೆಯೂ ಇದೆ. ಅದು ಟ್ರ್ಯಾಕ್ಟರ್ ಪೆಡಲಿನ ತಮ್ಮನೇ. ತೊಂದರೆ ಎಂದರೆ ನಮ್ಮ ಹಳೆಯ ಕಾರುಗಳಿಗೆ ಇವು ಸುಲಭವಾಗಿ ಸಿಗುವುದಿಲ್ಲ, ಸಿಕ್ಕರೂ ಕೆಲವೊಮ್ಮೆ ಬೇರೆ ಗಾಡಿಯ ಇಡೀ ಆಕ್ಸಲ್ ಹೌಸಿಂಗ್ ತಂದು ಕೂರಿಸಬೇಕಾಗುತ್ತದೆ. ವೆಲ್ಡಿಂಗ್ ಇಷ್ಟು ಜನಪ್ರಿಯವಾಗಲು ಕಾರಣ ಅದರ ಗುಣವಲ್ಲ, ಅಗ್ಗದ ಬೆಲೆ.

ಬದಲಾಯಿಸುವ ಮುನ್ನ ಕಾನೂನನ್ನೂ ನೋಡಬೇಕು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಯಾರಕರು ಕೊಟ್ಟ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸುವುದನ್ನು ತಡೆಯುತ್ತದೆ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿದಿದೆ. ಸಾರ್ವಜನಿಕ ರಸ್ತೆಯಲ್ಲಿ ಅನುಮತಿ ಇಲ್ಲದೆ ರೇಸ್ ಮಾಡುವುದು 189ನೇ ಸೆಕ್ಷನ್ ಪ್ರಕಾರ ಅಪರಾಧ. ಗುಂಡ್ಲುಪೇಟೆಯಿಂದ ಊಟಿ ಮತ್ತು ಸುಲ್ತಾನ್ ಬತ್ತೇರಿ ಕಡೆಯ ನೇರ ರಸ್ತೆಗಳು ಹುಡುಗರ ಕಣ್ಣಿಗೆ ಡ್ರ್ಯಾಗ್ ಟ್ರ್ಯಾಕ್ ಹಾಗೆ ಕಾಣಬಹುದು. ಅವು ಬಂಡೀಪುರದ ಕಾಡಿನೊಳಗೆ ಹೋಗುತ್ತವೆ. ವಾಹನಗಳಿಗೆ ಸಿಕ್ಕಿ ಪ್ರಾಣಿಗಳು ಸಾಯುತ್ತಿದ್ದುದರಿಂದಲೇ 2009ರಲ್ಲಿ ಅಲ್ಲಿ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಸಂಚಾರ ನಿಷೇಧ ಬಂದದ್ದು. ನಿಜವಾದ ಓಟಗಳು ನಡೆದಿರುವುದು ಮುಚ್ಚಿದ ಜಾಗಗಳಲ್ಲಿ, ಉದಾಹರಣೆಗೆ ಲೋಣಾವಳ ಬಳಿಯ ಆಂಬಿ ವ್ಯಾಲಿ ಏರ್‌ಸ್ಟ್ರಿಪ್‌ನ ವ್ಯಾಲಿ ರನ್. ಅಲ್ಲಿಗೆ ರೇಸಿನ ಕಾರನ್ನು ಟ್ರೇಲರ್ ಮೇಲೆ ಒಯ್ಯುವುದಾದರೆ ಅದಕ್ಕೆ ಏನು ಹಾಕಿದರೂ ದಿಂಬಂ ಚಿಂತೆ ಇಲ್ಲ.

ಹಳೆಯ ಕಾರು ಕೊಳ್ಳುವವರು ಹೀಗೆ ಪರೀಕ್ಷಿಸಿ

ಹಿಂದಿನವರು ಏನು ಮಾಡಿಸಿದ್ದಾರೆಂದು ಮಾರುವವರು ಹೇಳದೆ ಇರಬಹುದು. ಸಮತಟ್ಟಾದ ನೆಲದಲ್ಲಿ ಮುಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಹಿಂಭಾಗವನ್ನು ಎತ್ತಿ ಸ್ಟ್ಯಾಂಡ್‌ಗಳ ಮೇಲೆ ಕೂರಿಸಿ. ಜಾಕ್ ಒಂದನ್ನೇ ನಂಬಬೇಡಿ. ಎಂಜಿನ್ ಆಫ್ ಇರಲಿ, ಹ್ಯಾಂಡ್‌ಬ್ರೇಕ್ ಬಿಟ್ಟಿರಲಿ, ಗೇರ್ ಹಾಕಿರಲಿ. ಒಂದು ಚಕ್ರವನ್ನು ಕೈಯಲ್ಲಿ ತಿರುಗಿಸಿ. ಇನ್ನೊಂದು ಉಲ್ಟಾ ತಿರುಗಿದರೆ ಮಾಮೂಲಿ ಡಿಫರೆನ್ಷಿಯಲ್. ಎರಡೂ ಕದಲದೆ ಬಿಗಿಯಾಗಿದ್ದರೆ ನ್ಯೂಟ್ರಲ್‌ಗೆ ತಂದು ಮತ್ತೆ ನೋಡಿ. ಆಗ ಎರಡೂ ಒಂದೇ ದಿಕ್ಕಿಗೆ ಒಟ್ಟಿಗೆ ತಿರುಗಿದರೆ ವೆಲ್ಡಿಂಗ್ ಆಗಿರಬಹುದು ಅಥವಾ ಪ್ಲೇಟ್ ಇರುವ ಲಿಮಿಟೆಡ್ ಸ್ಲಿಪ್ ಇರಬಹುದು. ಹೌಸಿಂಗ್ ಬಿಚ್ಚಿ ನೋಡದೆ ಹಣ ಕೊಡಬೇಡಿ. ನ್ಯೂಟ್ರಲ್‌ನಲ್ಲೇ ಇಬ್ಬರು ಸೇರಿ ಎರಡೂ ಚಕ್ರಗಳನ್ನು ಒಂದೇ ದಿಕ್ಕಿಗೆ ಸರಿಯಾಗಿ ಒಂದು ಸುತ್ತು ತಿರುಗಿಸಿ, ಪ್ರೊಪೆಲ್ಲರ್ ಶಾಫ್ಟ್‌ಗೆ ಸೀಮೆಸುಣ್ಣದ ಗುರುತು ಹಾಕಿ ಅದು ಎಷ್ಟು ಸುತ್ತಿತೆಂದು ಎಣಿಸಿದರೆ ಅನುಪಾತವೂ ಸಿಗುತ್ತದೆ. ನಾಲ್ಕು ಸುತ್ತು ದಾಟಿ ಒಂದಿಷ್ಟು ಎಂದರೆ 4.1ರ ಹತ್ತಿರ, ಐದು ದಾಟಿತೆಂದರೆ ಯಾರೋ ಬದಲಿಸಿರುವ ಸಾಧ್ಯತೆ ಇದೆ. ಕಂಪನಿಯ ಕೈಪಿಡಿಯ ಸಂಖ್ಯೆಯೊಂದಿಗೆ ತಾಳೆ ನೋಡಿ.