ಗಾಳ ಹಾಕೋಕೆ ಹೋದೆ, ಹೊಂಡದ ನೀರು ಓದೋದು ಕಲಿತೆ

ನಮ್ಮ ಕೃಷಿ ಹೊಂಡಕ್ಕೆ ಆಗಸ್ಟ್‌ನಲ್ಲಿ ಮೀನು ಮರಿ ಬಿಟ್ಟಿದ್ದೆ. ಏಪ್ರಿಲ್ ಬಂದ್ರೂ ಒಂದು ಮೀನನ್ನೂ ಹೊರಗೆ ತೆಗೆದು ನೋಡಿರಲಿಲ್ಲ. ಬಲೆ ಎಳೆಸಿದ್ರೆ ಪ್ಲಾಸ್ಟಿಕ್ ಹಾಳೆ ಎಲ್ಲಿ ಹರಿಯುತ್ತೋ ಅನ್ನೋ ಭಯ. ಗಾಳ ಹಾಕೋಣ ಅಂದ್ರೆ ಹಾಕಿ ಗೊತ್ತಿಲ್ಲ. ತೋಟಗಾರಿಕೆ ಕಾಲೇಜಿನಲ್ಲಿ ಕಸಿ ಕಟ್ಟೋದು ಕಲಿಸಿದ್ರು, ಗಾಳ ಕಟ್ಟೋದು ಯಾರೂ ಕಲಿಸಲಿಲ್ಲ.

ಫೋನಲ್ಲಿ ಎರಡು ವಿಡಿಯೋ ನೋಡಿ ಒಂದು ಭಾನುವಾರ ಮೂರು ಗಂಟೆ ಕೂತೆ. ಒಂದೂ ಸಿಗಲಿಲ್ಲ. ಎರಡನೇ ಭಾನುವಾರ ನಾನೇ ಹೊಂಡಕ್ಕೆ ಬಿದ್ದೆ.

ದಾರ ಸಿಕ್ಕಿಹಾಕಿಕೊಂಡಿತ್ತು. ಬಿಡಿಸೋಕೆ ಅಂತ ಇಳಿಜಾರಿನಲ್ಲಿ ಎರಡು ಹೆಜ್ಜೆ ಇಟ್ಟೆ, ಅಷ್ಟೇ. ನನಗೆ ಈಜು ಬರುತ್ತೆ. ಆದ್ರೆ ಪಾಚಿ ಕಟ್ಟಿದ ಹಾಳೆ ಮೇಲೆ ಕೈಗೂ ಹಿಡಿತ ಇಲ್ಲ, ಕಾಲಿಗೂ ಹಿಡಿತ ಇಲ್ಲ. ಹತ್ತಿದಷ್ಟೂ ಜಾರ್ತಿದ್ದೆ, ಕೈಕಾಲು ಸೋತು ಹೋದ್ವು. ಪಕ್ಕದ ಹೊಲದ ತಾತ ಕೂಗು ಕೇಳಿ ಓಡಿ ಬಂದು, ಬದುವಿನಲ್ಲಿ ಬಿದ್ದಿದ್ದ ಹಳೇ ಡ್ರಿಪ್ ಪೈಪನ್ನ ಬೇಲಿಯ ಕಲ್ಲುಕಂಬಕ್ಕೆ ಸುತ್ತಿ ಎಸೆದರು. ಅದನ್ನ ಹಿಡಿದು ಮೇಲೆ ಬಂದೆ.

"ಲೇ ಮಗ, ಮೀನಿಗೆ ಹಾಕೋ ದಾರ ಆಮೇಲೆ. ಮೊದ್ಲು ನಿನಗೊಂದು ಹಗ್ಗ ಕಟ್ಕೋ" ಅಂದ್ರು. ಅವತ್ತಿಂದ ಅವರೇ ನನ್ನ ಗುರು.

ಮೊದಲು ಹಗ್ಗ, ಆಮೇಲೆ ಗಾಳ

ರಾಜ್ಯದಲ್ಲಿ 2014-15ರಿಂದ ಕೃಷಿ ಭಾಗ್ಯ ಯೋಜನೆಯಲ್ಲಿ ಊರೂರಲ್ಲೂ ಹೊಂಡ ಬಂದವು. ನೀರು ನಿಲ್ಲಲಿ ಅಂತ ಹಾಕಿದ ಹಾಳೆಯೇ ಬಿದ್ದವರನ್ನ ಮೇಲೆ ಬರಲು ಬಿಡಲ್ಲ. ಹಾಗಾಗಿ ಗಾಳ ಕೊಳ್ಳೋ ಮೊದಲು ಇಷ್ಟು ಮಾಡಿ:

- ಹೊಂಡದ ನಾಲ್ಕೂ ಬದಿಗೆ ಅರ್ಧ ಮೀಟರಿಗೊಂದು ಗಂಟು ಹಾಕಿದ ದಪ್ಪ ಹಗ್ಗ. ಒಂದು ತುದಿ ದಡದ ಗಟ್ಟಿ ಗೂಟಕ್ಕೆ, ಇನ್ನೊಂದು ತುದಿ ನೀರಿನೊಳಗೆ ಇರಲಿ.
- ಗಾಳಿ ತುಂಬಿದ ಒಂದು ಹಳೇ ಟ್ಯೂಬು, ಹಗ್ಗ ಕಟ್ಟಿ ಕೈಗೆ ಸಿಗೋ ಹಾಗೆ.
- ಸುತ್ತ ಬೇಲಿ, ಬೀಗ ಹಾಕೋ ಗೇಟು.
- ಒಬ್ಬರೇ ಕೂರಬೇಡಿ. ಮಕ್ಕಳನ್ನ "ಸುಮ್ನೆ ನೋಡ್ಲಿ" ಅಂತ ಕರ್ಕೊಂಡು ಹೋಗಬೇಡಿ.
- ಬಿದ್ದವರನ್ನ ಹಿಡಿಯೋಕೆ ನೀವೂ ಹಾರಬೇಡಿ. ಹಗ್ಗ, ಪೈಪು, ಸೀರೆ, ಏನಾದ್ರೂ ಎಸೆಯಿರಿ.

ಏನೇನು ಬೇಕು

ದುಬಾರಿ ರೀಲು, ರಾಡು ಏನೂ ಬೇಡ. ಎಂಟು-ಹತ್ತು ಅಡಿ ಉದ್ದದ ಬಿದಿರು ಕೋಲು, 0.30 ಮಿ.ಮೀ. ದಪ್ಪದ ತಂಗೂಸಿ ದಾರ, 8ನೇ ನಂಬರಿನ ಗಾಳ ನಾಲ್ಕು, ಸೀಸದ ಸಣ್ಣ ಗುಂಡು, ಒಂದು ಬೆಂಡು. ಗಾಳದ ನಂಬರು ಹೆಚ್ಚಾದಷ್ಟೂ ಗಾಳ ಚಿಕ್ಕದಾಗುತ್ತೆ, ಅಂಗಡಿಯಲ್ಲಿ ಇದು ನೆನಪಿರಲಿ.

ಗಂಟು ಹೀಗೆ ಹಾಕಿ: ದಾರವನ್ನ ಗಾಳದ ಕಣ್ಣಿನಲ್ಲಿ ತೂರಿಸಿ, ತುದಿಯನ್ನ ಮೂಲ ದಾರಕ್ಕೆ ಐದು ಸುತ್ತು ಸುತ್ತಿ. ಕಣ್ಣಿನ ಹತ್ತಿರ ಉಳಿಯೋ ಸಣ್ಣ ಕುಣಿಕೆಯೊಳಗೆ ತುದಿಯನ್ನ ತೂರಿಸಿ, ಎಂಜಲು ಹಚ್ಚಿ ನಿಧಾನವಾಗಿ ಎಳೆಯಿರಿ. ಒಣ ದಾರ ಎಳೆದ್ರೆ ಬಿಸಿಯಾಗಿ ಅಲ್ಲೇ ಸವೆಯುತ್ತೆ.

ಗಾಳದ ತುದಿಯ ಹಿಂದೆ ಒಂದು ಚಿಕ್ಕ ಮುಳ್ಳು ಇರುತ್ತೆ. ಅದನ್ನ ಕಟಿಂಗ್ ಪ್ಲೇಯರ್‌ನಿಂದ ಒತ್ತಿ ಮಟ್ಟ ಮಾಡಿ. ತೂಕ ನೋಡಿ ಮೀನನ್ನ ವಾಪಸ್ ಬಿಡೋವಾಗ ಬಾಯಿ ಹರಿಯಲ್ಲ. ನಿಮ್ಮ ಬೆರಳಿಗೆ ಚುಚ್ಚಿದ್ರೂ ಸಲೀಸಾಗಿ ಬಿಡಿಸಬಹುದು.

ಎರೆ ನಮ್ಮಲ್ಲೇ ಇದೆ. ಎರೆಗೊಬ್ಬರದ ತೊಟ್ಟಿಯಲ್ಲಿ ಹುಳು, ಮನೆಯಲ್ಲಿ ಗೋಧಿ ಹಿಟ್ಟು, ತೌಡು, ಕಡಲೆಕಾಯಿ ಹಿಂಡಿ. ಹಿಟ್ಟಿಗೆ ಸ್ವಲ್ಪ ಹಿಂಡಿ ಪುಡಿ ಸೇರಿಸಿ ಗಟ್ಟಿಯಾಗಿ ಕಲಸಿ, ಕಡಲೆಕಾಳಿನಷ್ಟು ಉಂಡೆ ಮಾಡಿ.

ಎರೆ ಎಲ್ಲೈತೆ, ಮೀನು ಎಲ್ಲೈತೆ?

"ಹೊಂಡದಲ್ಲಿ ಮೀನೇ ಇಲ್ಲ ತಾತ" ಅಂದಿದ್ದಕ್ಕೆ ಅವರು ಕೇಳಿದ ಪ್ರಶ್ನೆ ಇದು. ನನ್ನ ಎರೆ ನೀರಿನ ಮೇಲಿಂದ ಒಂದು ಗೇಣು ಕೆಳಗೆ ತೇಲ್ತಿತ್ತು. ಮೀನು ಮೇಯ್ತಿದ್ದದ್ದು ಬೇರೆ ಕಡೆ.

ಕಾಟ್ಲಾ ಮೇಲಿನ ನೀರಿನಲ್ಲಿ ಮೇಯುತ್ತೆ, ರೋಹು ನಡುನೀರಿನಲ್ಲಿ, ಮೃಗಾಲ್ ಮತ್ತು ಸಾಮಾನ್ಯ ಗೆಂಡೆ ತಳದಲ್ಲಿ. ಬೇರೆ ಬೇರೆ ಜಾತಿ ಸೇರಿಸಿ ಬಿಡೋದೇ ಅದಕ್ಕೆ, ಒಂದರ ಊಟಕ್ಕೆ ಇನ್ನೊಂದು ಕೈ ಹಾಕದಿರಲಿ ಅಂತ. ಕಾಟ್ಲಾ ನೀರಿನಲ್ಲಿರೋ ಸೂಕ್ಷ್ಮ ಜೀವಿಗಳನ್ನ ಸೋಸಿ ತಿನ್ನೋ ಮೀನು, ಹೊಸಬರ ಗಾಳಕ್ಕೆ ಸುಲಭಕ್ಕೆ ಬೀಳಲ್ಲ. ರೋಹು, ಮೃಗಾಲ್, ಗೆಂಡೆಯಿಂದ ಶುರು ಮಾಡಿ.

ಆಳ ನೋಡೋದು ಹೀಗೆ. ಬೆಂಡನ್ನ ದಾರದಲ್ಲಿ ಸ್ವಲ್ಪ ಸ್ವಲ್ಪವೇ ಮೇಲಕ್ಕೆ ಸರಿಸಿ ಹಾಕ್ತಾ ಹೋಗಿ. ಗಾಳ ಇನ್ನೂ ಕಟ್ಟಿರಬಾರದು, ಬರೀ ಗುಂಡು ಇರಲಿ. ಬೆಂಡು ನೆಟ್ಟಗೆ ನಿಲ್ಲದೆ ಅಡ್ಡ ಮಲಗಿದ್ರೆ ಗುಂಡು ತಳ ಮುಟ್ಟಿದೆ ಅಂತ ಅರ್ಥ. ಆಮೇಲೆ ಗಾಳ ಕಟ್ಟಿ, ಎರೆ ತಳದಿಂದ ಒಂದು ಗೇಣು ಮೇಲೆ ನಿಲ್ಲೋ ಹಾಗೆ ಬೆಂಡನ್ನ ಇಳಿಸಿ. ಪ್ಲಾಸ್ಟಿಕ್ ಹೊಂಡದಲ್ಲಿ ಗಾಳ ತಳಕ್ಕೆ ತಾಗಲೇಬಾರದು. ಹಾಳೆಗೆ ಚುಚ್ಚಿಕೊಂಡ್ರೆ ಜಗ್ಗಬೇಡಿ, ದಾರ ಕತ್ತರಿಸಿ. ಗಾಳ ಹೋದ್ರೆ ಹೋಗಲಿ, ಹಾಳೆ ಹರಿದ್ರೆ ವರ್ಷದ ನೀರೇ ಹೋಗುತ್ತೆ.

ಬೆಂಡು ಒಂದೆರಡು ಸಲ ಕುಣಿದ್ರೆ ಎಳೀಬೇಡಿ, ಮೀನು ರುಚಿ ನೋಡ್ತಿದೆ ಅಷ್ಟೇ. ಪಕ್ಕಕ್ಕೆ ಸರಿದು ಮುಳುಗಿದಾಗ ಕೋಲಿನ ತುದಿಯನ್ನ ಸಣ್ಣಗೆ ಮೇಲಕ್ಕೆ ಎತ್ತಿ. ನಾನು ಮೊದಮೊದಲು ಕಬ್ಬು ಕೀಳೋ ಹಾಗೆ ಎಳೆದು ಎಲ್ಲಾ ಕಳ್ಕೊಂಡೆ. ನಾಲ್ಕನೇ ಭಾನುವಾರ ಮೊದಲ ರೋಹು ಬಂತು, 310 ಗ್ರಾಂ.

ಖುಷಿ ಜೊತೆಗೆ ಅನುಮಾನವೂ ಬಂತು. ಎಂಟು ತಿಂಗಳಿಗೆ ಇಷ್ಟೇನಾ? ಲೆಕ್ಕ ಹಾಕಿದೆ. 20 ಮೀಟರ್ ಉದ್ದ, 20 ಮೀಟರ್ ಅಗಲದ ಹೊಂಡ ಅಂದ್ರೆ 400 ಚದರ ಮೀಟರ್. ಚದರ ಮೀಟರಿಗೆ ಅರ್ಧದಿಂದ ಒಂದು ಮರಿ ಲೆಕ್ಕದಲ್ಲಿ 200ರಿಂದ 400 ಬಿಡಬೇಕಿತ್ತು. ನಾನು ಆಸೆಬಿದ್ದು 1000 ಬಿಟ್ಟಿದ್ದೆ.

ಕಚ್ಚದ ಬೆಳಿಗ್ಗೆ

ಮೇ ಕೊನೆ ವಾರ. ಮೂರು ದಿನದಿಂದ ಮೋಡ, ಗಾಳಿ ಇಲ್ಲ, ಸೆಖೆ. ಹೊಂಡದಲ್ಲಿ ಅರ್ಧ ನೀರು. ಬೆಳಿಗ್ಗೆ ಆರಕ್ಕೆ ಹೋದ್ರೆ ಮೀನೆಲ್ಲಾ ಮೇಲೆ ಬಂದು ಬಾಯಿ ಬಿಡ್ತಿದ್ವು. "ಇವತ್ತು ಹಬ್ಬ" ಅಂತ ಗಾಳ ಹಾಕಿದೆ. ಎರೆ ಮೂಗಿನ ಮುಂದೆ ಇದ್ರೂ ಒಂದೂ ಮುಟ್ಟಲಿಲ್ಲ.

ತಾತ ಬಂದು ನೋಡಿದ್ದೇ, "ಕೋಲು ಬಿಸಾಕಲೇ, ಮೋಟ್ರು ಹಾಕು. ಅವು ಊಟಕ್ಕೆ ಬಂದಿಲ್ಲ, ಉಸಿರಿಗೆ ಬಂದವೆ" ಅಂದ್ರು.

ಪಾಠದಲ್ಲಿ ಓದಿದ್ದೇ. ಹಗಲು ಬಿಸಿಲಲ್ಲಿ ನೀರಿನ ಪಾಚಿ ಆಮ್ಲಜನಕ ಕೊಡುತ್ತೆ. ರಾತ್ರಿ ಪಾಚಿಯೂ ಸೇರಿ ಎಲ್ಲವೂ ಅದನ್ನ ಬಳಸ್ತವೆ. ಹಾಗಾಗಿ ಸೂರ್ಯ ಹುಟ್ಟೋ ಮುಂಚೆ ಅದು ಅತಿ ಕಡಿಮೆ. ಮೋಡ ಇದ್ರೆ ಹಗಲಲ್ಲೂ ತುಂಬಲ್ಲ. ನೀರು ಬಿಸಿಯಾದಷ್ಟೂ ಆಮ್ಲಜನಕ ಹಿಡಿದಿಟ್ಟುಕೊಳ್ಳೋ ಶಕ್ತಿಯೂ ಕಮ್ಮಿ. ಇದರ ಮೇಲೆ ನಾನು ಆ ವಾರ "ನೀರು ಹಸಿರಾಗ್ಲಿ" ಅಂತ ಎರಡು ಗಾಡಿ ಹಸಿ ಸಗಣಿ ಸುರಿದಿದ್ದೆ. ಅದು ಕೊಳೆಯೋಕೂ ಆಮ್ಲಜನಕವೇ ಬೇಕು.

ಬೋರ್‌ವೆಲ್ ನೀರನ್ನ ಎತ್ತರದಿಂದ ಚಿಮ್ಮೋ ಹಾಗೆ ಬಿಟ್ವಿ. ಹೊಂಡದ ನೀರನ್ನೇ ಇನ್ನೊಂದು ಪಂಪಿನಿಂದ ಎತ್ತಿ ಮತ್ತೆ ಹೊಂಡಕ್ಕೇ ಸುರಿಸಿದ್ವಿ. ಮಧ್ಯಾಹ್ನದ ಹೊತ್ತಿಗೆ ಮೀನು ಕೆಳಗಿಳಿದ್ವು. ಆದ್ರೂ 60ಕ್ಕೂ ಹೆಚ್ಚು ಸತ್ತಿದ್ವು, ದೊಡ್ಡ ಕಾಟ್ಲಾಗಳೇ ಜಾಸ್ತಿ. ತೆಂಗಿನ ಬುಡಕ್ಕೆ ಹೂತು ಹಾಕಿದೆ.

ಆವತ್ತಿಂದ ಗಾಳ ನನಗೆ ಹೊಂಡದ ನಾಡಿ ನೋಡೋ ಸಾಧನ. ನಿಮಗೂ ಮೂರು ಅಭ್ಯಾಸ ಹೇಳ್ತೀನಿ:

1. ದಡದಲ್ಲಿ ಹಗ್ಗ ಹಿಡಿದು ಕೂತು, ಅಂಗೈಯನ್ನ ನೀರಿನೊಳಗೆ ಇಳಿಸಿ. ನೀರು ಮೊಣಕೈ ಹತ್ತಿರ ಬರೋವಾಗ ಅಂಗೈ ಮರೆಯಾದ್ರೆ ಸರಿ. ಮಣಿಕಟ್ಟಿಗೇ ಮರೆಯಾದ್ರೆ ಪಾಚಿ ಹೆಚ್ಚಾಗಿದೆ, ಗೊಬ್ಬರ ನಿಲ್ಲಿಸಿ.
2. 15 ದಿನಕ್ಕೊಮ್ಮೆ ಐದಾರು ಮೀನು ಹಿಡಿದು, ಒದ್ದೆ ಕೈಯಲ್ಲಿ ತೂಕ ಮಾಡಿ, ಫೋನಲ್ಲಿ ಫೋಟೋ ಮತ್ತು ತೂಕ ಬರೆದಿಟ್ಟು ವಾಪಸ್ ಬಿಡಿ. ತೂಕ ನಿಂತಿದ್ರೆ ಮೀನು ಹೆಚ್ಚಾಗಿವೆ ಅಥವಾ ಮೇವು ಸಾಲ್ತಿಲ್ಲ.
3. ದಿನಾ ಕಚ್ಚೋ ಮೀನು ಇದ್ದಕ್ಕಿದ್ದ ಹಾಗೆ ಕಚ್ಚೋದು ಬಿಟ್ರೆ ಮೇವು ನಿಲ್ಲಿಸಿ, ಮರುದಿನ ಬೆಳಗಿನ ಜಾವ ಐದಕ್ಕೆ ಹೋಗಿ ನೀರು ನೋಡಿ.

ಸಾವಯವ ಮಾಡೋರಿಗೆ ಇನ್ನೊಂದು ಮಾತು. ಹಿಪ್ಪೆ ಹಿಂಡಿ ಹೊಲಕ್ಕೆ ಗೊಬ್ಬರ, ಮೀನಿಗೆ ವಿಷ. ಸಿಂಪರಣೆಯ ಡ್ರಮ್ಮು ತೊಳೆದ ನೀರು, ಅದು ಗಿಡಮೂಲಿಕೆ ಕಷಾಯವೇ ಆಗಿರಲಿ, ಹೊಂಡಕ್ಕೆ ಬೇಡ.

ಎಲ್ಲಿ ಗಾಳ ಹಾಕಬಾರದು

ಕೈ ಪಳಗಿದ ಮೇಲೆ ಕೆರೆ, ಹೊಳೆ ಕರೆಯುತ್ತೆ. ಮೂಡಿಗೆರೆಯಲ್ಲಿ ಕಾಫಿ ಬೆಳೆಯುತ್ತಿದ್ದ ತೇಜಸ್ವಿಯವರಿಗೂ ಗಾಳದ ಹುಚ್ಚಿತ್ತು. ಆದ್ರೆ ಕೆರೆಯ ಮೀನಿನ ಹಕ್ಕು ಸಾಮಾನ್ಯವಾಗಿ ಹರಾಜಾಗಿರುತ್ತೆ. ಗ್ರಾಮ ಪಂಚಾಯ್ತಿಯಲ್ಲಿ ಅಥವಾ ಮೀನುಗಾರಿಕೆ ಇಲಾಖೆಯಲ್ಲಿ ವಿಚಾರಿಸಿ, ಹಿಡಿದವರನ್ನ ಕೇಳಿಯೇ ಕೂರಿ. ಅದು ಅವರ ಅನ್ನ. ಶೃಂಗೇರಿಯ ತುಂಗೆ, ಶಿಶಿಲದಂಥ ದೇವರ ಮೀನಿನ ತಾಣಗಳಲ್ಲಿ, ಅಭಯಾರಣ್ಯದೊಳಗೆ ಗಾಳ ತೆಗೆಯಲೇಬೇಡಿ. ಮುಂಗಾರಿನ ಹೊಸ ನೀರಿಗೆ ಹತ್ತಿ ಬರೋ ಮೀನಿನ ಹೊಟ್ಟೆ ತುಂಬಾ ಮೊಟ್ಟೆ ಇರುತ್ತೆ, ಅವನ್ನೂ ಬಿಡಿ.

ಈ ವರ್ಷ 300 ಮರಿ ಮಾತ್ರ ಬಿಟ್ಟಿದೀನಿ. ಹೊಂಡದ ನಾಲ್ಕೂ ಬದಿಗೆ ಹಗ್ಗ ಇದೆ. ಭಾನುವಾರ ತಾತನ ಜೊತೆ ಕೂರ್ತೀನಿ. ಸಿಕ್ಕಿದ್ರೆ ಮುದ್ದೆಗೆ ಮೀನು ಸಾರು, ಇಲ್ಲಾಂದ್ರೆ ಸೊಪ್ಪಿನ ಸಾರು. ನೀವು ಇವತ್ತೇ ಅಂಗಡಿಗೆ ಹೋಗೋದಾದ್ರೆ ಗಾಳದ ಜೊತೆ ಒಂದು ಗಟ್ಟಿ ಹಗ್ಗವನ್ನೂ ತನ್ನಿ. ಮೊದಲು ಕಟ್ಟಬೇಕಾದ್ದು ಅದು.