ಕಲ್ಲಿದ್ದಲಿಗೂ ಮುಂಚೆ ಹಿಮವಿತ್ತು

ಪುಣೆಯ ಧನಕವಡಿಯಿಂದ ಕಾತ್ರಜ್ ಘಾಟಿನ ಕಡೆ ಹೊರಟರೆ, ರಸ್ತೆಗೆಂದು ಕಡಿದ ಗುಡ್ಡದ ಮೈಯಲ್ಲಿ ಕಪ್ಪು ಬಂಡೆಯ ಪದರಗಳು ಕಾಣುತ್ತವೆ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದು ಆರಿದ ಲಾವಾ ಅದು. ಬೆಂಕಿಯಿಂದ ಹುಟ್ಟಿದ ನೆಲ. ಆದರೆ ಸಂಜೆ ಇಲ್ಲಿನ ಮನೆಗಳಲ್ಲಿ ಹೊತ್ತಿಕೊಳ್ಳುವ ದೀಪದ ಕಥೆ ಈ ಲಾವಾಕ್ಕಿಂತ ಬಹಳ ಹಳೆಯದು. ಅದು ಶುರುವಾಗುವುದು ಹಿಮದಿಂದ.

ಮಹಾರಾಷ್ಟ್ರದ ಕರೆಂಟಿನ ದೊಡ್ಡ ಪಾಲು ಕಲ್ಲಿದ್ದಲಿನದು. ರಾಜ್ಯದ ಪೂರ್ವದಲ್ಲಿರುವ ಚಂದ್ರಪುರದಲ್ಲಿ ಗಣಿಗಳೂ ಇವೆ, ಭಾರಿ ವಿದ್ಯುತ್ ಸ್ಥಾವರವೂ ಇದೆ. ಆ ಊರಿಗೆ ಸಮೀಪದ ಇರಾಯಿ ಹಳ್ಳಿಯ ಬಳಿ, ಪೆನಗಂಗಾ ನದಿಯಲ್ಲಿ, ಸುಣ್ಣಕಲ್ಲಿನ ಹಾಸುಬಂಡೆಯೊಂದಿದೆ. ಉಜ್ಜಿ ನುಣುಪಾದ ಅದರ ಮೈಮೇಲೆ ಒಂದೇ ದಿಕ್ಕಿಗೆ ಎಳೆದಂತೆ ಸಾಲುಸಾಲು ಗೀರುಗಳು. ನೀರು ಕಲ್ಲನ್ನು ನುಣುಪು ಮಾಡೀತು, ಹೀಗೆ ಗೀರಲಾರದು. ಹೊಟ್ಟೆಯಡಿ ಕಲ್ಲುಚೂರು ಕಚ್ಚಿಕೊಂಡು ತೆವಳಿದ ಹಿಮನದಿಯ ಗುರುತದು. ವಯಸ್ಸು ಸುಮಾರು 30 ಕೋಟಿ ವರ್ಷ.

ಒಡಿಶಾದ ತಾಲ್ಚೇರ್‌ನಲ್ಲಿ ನುಣ್ಣನೆಯ ಜೇಡಿಯೊಳಗೆ ದೊಡ್ಡ ಗುಂಡುಕಲ್ಲುಗಳು ಹುದುಗಿದ್ದನ್ನು ಕಂಡ ಭೂವಿಜ್ಞಾನಿಗಳಾದ ಬ್ಲ್ಯಾನ್‌ಫರ್ಡ್ ಸೋದರರು ಮತ್ತು ಥಿಯೋಬಾಲ್ಡ್, 1856ರಲ್ಲೇ ಇದು ಹಿಮದ ಕೆಲಸವೆಂದು ಬರೆದರು. ಜೇಡಿ ಕೂರಬೇಕಾದರೆ ನೀರು ನಿಂತಿರಬೇಕು. ನಿಂತ ನೀರು ಗುಂಡುಕಲ್ಲನ್ನು ಹೊತ್ತು ತರುವುದಿಲ್ಲ; ಹಿಮ ತರಬಲ್ಲದು. ಸೆಕೆಯ ನಾಡಿನಲ್ಲಿ ನಿಂತು ಹೀಗೆ ಯೋಚಿಸಿದ ಅವರ ಧೈರ್ಯ ನನಗೆ ಇಂದಿಗೂ ಬೆರಗು. ದಕ್ಷಿಣ ಆಫ್ರಿಕ, ದಕ್ಷಿಣ ಅಮೆರಿಕ, ಆಸ್ಟ್ರೇಲಿಯಾಗಳಲ್ಲೂ ಇಂಥದೇ ಗುರುತುಗಳು ಸಿಕ್ಕವು. ಖಂಡಗಳು ಒಂದಾಗಿದ್ದು ಸರಿದು ಹೋದವೆಂದು ವಾದಿಸಿದ ವೆಗೆನರ್‌ಗೆ ಇವೇ ಗಟ್ಟಿ ಸಾಕ್ಷಿ. ಆಗ ಭಾರತ ಅಂಟಾರ್ಕ್ಟಿಕಾಕ್ಕೆ ಅಂಟಿಕೊಂಡು ದಕ್ಷಿಣ ಧ್ರುವದ ಕಡೆಗಿತ್ತು. ಆ ಮಹಾಖಂಡಕ್ಕೆ ಗೊಂಡ್ವಾನ ಎಂಬ ಹೆಸರು ಬಂದದ್ದು ಗೊಂಡರ ನಾಡಿನಿಂದ; ಚಂದ್ರಪುರ ಗೊಂಡ ಅರಸರ ರಾಜಧಾನಿಯಾಗಿದ್ದ ಊರು.

ಹಿಮ ಕರಗಿತು. ನೆಲ ಕುಸಿದು ಉದ್ದುದ್ದ ತಗ್ಗುಗಳಾದವು, ಅಲ್ಲಿನ ಜೌಗಿನಲ್ಲಿ ಗ್ಲಾಸಾಪ್ಟೆರಿಸ್ ಮರಗಳ ಕಾಡು ಬೆಳೆಯಿತು. ಹೂತುಹೋದ ಆ ಕಾಡೇ ಕಲ್ಲಿದ್ದಲು. ಗೋದಾವರಿ, ಮಹಾನದಿ, ದಾಮೋದರ ನದಿಗಳ ಹಾದಿ ಬಹುದೂರ ಆ ತಗ್ಗುಗಳ ಗುಂಟವೇ ಸಾಗುತ್ತದೆ. ಕಲ್ಲಿದ್ದಲು ಸಿಕ್ಕಲ್ಲಿಗೆ ರೈಲು ಬಂತು, ರೈಲಿನ ಹಿಂದೆ ಕೂಲಿಗಾಗಿ ಜನ ಬಂದರು. ಧನಬಾದ್, ಕೊತ್ತಗುಡೆಂ ಬೆಳೆದದ್ದು ಹೀಗೆ.

ಕರ್ನಾಟಕದ ನೆಲದಲ್ಲಿ ಕಲ್ಲಿದ್ದಲಿನ ಗಣಿ ಇಲ್ಲ. ರಾಯಚೂರಿನ ಶಕ್ತಿನಗರದ ವಿದ್ಯುತ್ ಸ್ಥಾವರಕ್ಕೆ ಗೋದಾವರಿ ಕಣಿವೆಯ ಸಿಂಗರೇಣಿ ಗಣಿಗಳಿಂದ ಕಲ್ಲಿದ್ದಲಿನ ವ್ಯಾಗನ್‌ಗಳು ಬರುತ್ತವೆ. ಅಂಥ ಗಣಿಗಳಲ್ಲಿ ಕಲ್ಲಿದ್ದಲಿನ ಪಕ್ಕದ ಜೇಡಿಗಲ್ಲನ್ನು ಸೀಳಿದರೆ ಕೆಲವೊಮ್ಮೆ ನಾಲಗೆಯಾಕಾರದ ಗ್ಲಾಸಾಪ್ಟೆರಿಸ್ ಎಲೆಯೊಂದು ಕಾಣಿಸುತ್ತದೆ. ನಡುನರ, ಅದರಿಂದ ಕವಲೊಡೆದ ಬಲೆಯಂಥ ಎಳೆಗಳು, ಎಲ್ಲವೂ ಇನ್ನೂ ಸ್ಪಷ್ಟ.